ಕರಾವಳಿಯ ಇಗರ್ಜಿ ಶಾಲೆಗಳು ಮತ್ತು ಅವುಗಳ ಕಟ್ಟಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳ ಹಳ್ಳಿಗಳಲ್ಲಿ ಇಗರ್ಜಿಯ, ಅಂದರೆ ಚರ್ಚಿನ, ಮಗ್ಗುಲಲ್ಲೇ ನಿಂತಿರುವ ಸಣ್ಣ ಕಥೋಲಿಕ ಪ್ರಾಥಮಿಕ ಶಾಲೆಗಳ ಬಗ್ಗೆ ಹಳೆಯ ವಿದ್ಯಾರ್ಥಿಗಳು, ಶಿಕ್ಷಕರು, ಶತಮಾನೋತ್ಸವ ಸಮಿತಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಯಾವುದೋ ಒಂದು ಶಾಲೆಯ ಕಥೆಯನ್ನಷ್ಟೇ ಹೇಳದೆ, ಇಂತಹ ಯಾವುದೇ ಶಾಲೆಯ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಬೇಕಾಗುವ ಹಿನ್ನೆಲೆಯನ್ನು ಒದಗಿಸುವುದು ಇದರ ಉದ್ದೇಶ. ಈ ಶಾಲೆಗಳ ಕಟ್ಟಡಗಳೇ ಅವುಗಳ ಅತ್ಯಂತ ಪ್ರಾಮಾಣಿಕ ದಾಖಲೆಗಳು, ಅವುಗಳನ್ನು ಕೆಡವುವ ಮೊದಲು ಒಮ್ಮೆಯಾದರೂ ಸರಿಯಾಗಿ ಓದಬೇಕು ಎಂಬುದು ಈ ಬರಹದ ಹಿಂದಿರುವ ನಂಬಿಕೆ.

ಇಗರ್ಜಿ ಶಾಲೆ ಎಂದರೆ ಯಾವುದು? ಕಾನ್ವೆಂಟ್ ಶಾಲೆಗೂ ಅದಕ್ಕೂ ವ್ಯತ್ಯಾಸವೇನು?

ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಜನರು ಇಗರ್ಜಿಯ ಜಾಗದಲ್ಲಿ ಕಟ್ಟಿಸಿ, ತಮ್ಮ ಧರ್ಮಗುರುಗಳ ಮೇಲ್ವಿಚಾರಣೆಯಲ್ಲಿ ನಡೆಸಿಕೊಂಡು ಬಂದ ಶಾಲೆಯನ್ನು ಊರವರು ಇಗರ್ಜಿ ಶಾಲೆ ಅಥವಾ ಚರ್ಚ್ ಶಾಲೆ ಎನ್ನುತ್ತಾರೆ. ಆಯಾ ಕಾಲದ ವಿಗಾರರೇ (ಇಗರ್ಜಿಯ ಮುಖ್ಯ ಗುರುಗಳೇ) ಶಾಲೆಯ ಸಂಚಾಲಕರು. ಧರ್ಮಭಗಿನಿಯರ ಸಂಸ್ಥೆಯೊಂದು ತನ್ನ ಮಠದ ಜೊತೆಗೆ ತಾನೇ ನಡೆಸುವ ಶಾಲೆ ಕಾನ್ವೆಂಟ್ ಶಾಲೆ. ಊರಲ್ಲಿ ಎರಡೂ ಹೆಸರುಗಳು ಕಲಸಿಹೋಗಲು ಕಾರಣವಿದೆ: ಎಷ್ಟೋ ಇಗರ್ಜಿ ಶಾಲೆಗಳಲ್ಲಿ ಸಿಸ್ಟರುಗಳೇ ಮುಖ್ಯೋಪಾಧ್ಯಾಯಿನಿಯರಾಗಿ ದುಡಿದಿದ್ದಾರೆ. ಆದರೆ ಜಾಗ, ಕಟ್ಟಡ, ಆಡಳಿತ ಯಾರದು ಎಂಬುದನ್ನು ತಿಳಿಯದೆ ದಾಖಲೆ ಹುಡುಕಲು ಹೊರಟರೆ ತಪ್ಪು ಬಾಗಿಲು ತಟ್ಟಿದಂತಾಗುತ್ತದೆ.

ಹಳೆಯ ಇಗರ್ಜಿ ಶಾಲೆಗಳಲ್ಲಿ ಹೆಚ್ಚಿನವು ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳು. ಮಂಗಳೂರು ಧರ್ಮಪ್ರಾಂತ್ಯದಲ್ಲಿ (ಬಿಷಪರ ಆಡಳಿತದ ವ್ಯಾಪ್ತಿಯಲ್ಲಿ) ಇವುಗಳ ಆಡಳಿತವನ್ನು ಕಥೋಲಿಕ ಶಿಕ್ಷಣ ಮಂಡಳಿ ನೋಡಿಕೊಳ್ಳುತ್ತದೆ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾದ ಮೇಲೆ ಅಲ್ಲಿನ ಶಾಲೆಗಳಿಗೆ ಬೇರೆಯೇ ಆಡಳಿತ ಬಂದಿತು.

ಹಳ್ಳಿಗಳಲ್ಲಿ ಈ ಶಾಲೆಗಳು ಹುಟ್ಟಿಕೊಂಡದ್ದು ಯಾವಾಗ, ಏಕೆ?

ಕರಾವಳಿಯ ಕ್ರೈಸ್ತರ ಚರಿತ್ರೆಯಲ್ಲಿ ಒಂದು ದೊಡ್ಡ ಕಡಿತವಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಹಿಂದಿರುಗಿ ಬಂದು, ಕಳೆದುಕೊಂಡ ಭೂಮಿಯನ್ನು ಒಂದಿಷ್ಟು ಮರಳಿ ಪಡೆದು, ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಹಾಗಾಗಿ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಅವರ ಹಣ, ಶ್ರಮವೆಲ್ಲ ಮನೆ, ಗದ್ದೆ ಮತ್ತು ಇಗರ್ಜಿಗಳಿಗೆ ಹೋಯಿತು. ಶಾಲೆ ಎಂದರೆ ಆಗ ಮಕ್ಕಳಿಗೆ ಜಪ ಮತ್ತು ದೊತೊರ್ನ್ (ಕ್ರೈಸ್ತ ಧರ್ಮಪಾಠ) ಕಲಿಸುವಷ್ಟೇ.

ಶಾಲೆಗಳಿಗೆ ಚಾಲನೆ ಸಿಕ್ಕಿದ್ದು ಶತಮಾನದ ಉತ್ತರಾರ್ಧದಲ್ಲಿ, ಹಲವು ಕಡೆಯಿಂದ ಒಟ್ಟಿಗೆ. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಶಾಲೆ ಮತ್ತು ಮುದ್ರಣಾಲಯಗಳನ್ನು ತೆರೆದು, ಕನ್ನಡದಲ್ಲಿ ಅಚ್ಚಾದ ಪಾಠಪುಸ್ತಕಗಳು ಊರೂರಿಗೆ ತಲುಪುವಂತೆ ಮಾಡಿತು. 1854ರ ವುಡ್ ಶಿಕ್ಷಣ ನಿರೂಪದ ನಂತರ ಖಾಸಗಿ ಶಾಲೆಗಳಿಗೂ ಸರಕಾರದ ಸಹಾಯಧನ ಸಿಗುವ ವ್ಯವಸ್ಥೆ ಬಂತು. 1870ರಲ್ಲಿ ಅಪೋಸ್ತೊಲಿಕ್ ಕಾರ್ಮೆಲ್ ಸಂಸ್ಥೆಯ ಧರ್ಮಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಸಂತ ಆ್ಯನ್ಸ್ ಶಾಲೆಯನ್ನು ತೆರೆದರು. 1878ರ ಕೊನೆಯ ದಿನ ಜೆಸ್ವಿತ್ ಗುರುಗಳು ಬಂದಿಳಿದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು, 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವೇ ಸ್ಥಾಪನೆಯಾಯಿತು. ಪಟ್ಟಣದಲ್ಲಿ ಕಾಲೇಜು, ಸೆಮಿನರಿಗಳು ಎದ್ದಾಗ ಅಲ್ಲಿ ಕಲಿತವರು ಹಳ್ಳಿಯ ಇಗರ್ಜಿಗಳಿಗೆ ಗುರುಗಳಾಗಿ, ಮಾಸ್ಟ್ರುಗಳಾಗಿ ಬಂದರು. ಹಳ್ಳಿಯ ಶಾಲೆಗಳಲ್ಲಿ ಹೆಚ್ಚಿನವು 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಮೊದಲಾರ್ಧದ ನಡುವೆ ಹುಟ್ಟಿದ್ದಕ್ಕೆ ಇದೇ ಕಾರಣ.

ಬ್ರಿಟಿಷರ ಕಾಲದಲ್ಲಿ ಈ ಶಾಲೆಗಳು ಯಾವ ಆಡಳಿತಕ್ಕೆ ಸೇರಿದ್ದವು?

ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಳೆಯ ರಿಜಿಸ್ಟರು, ತಪಾಸಣಾ ವರದಿಗಳನ್ನು ಓದುವವರು ಇದನ್ನು ಮರೆತರೆ ಅಲ್ಲಿನ ಪದಗಳೇ ಅರ್ಥವಾಗುವುದಿಲ್ಲ. ಮದ್ರಾಸ್ ಪದ್ಧತಿಯಲ್ಲಿ ಐದನೆಯ ತರಗತಿಯವರೆಗಿನದು ಲೋವರ್ ಎಲಿಮೆಂಟರಿ ಶಾಲೆ, ಎಂಟನೆಯ ತರಗತಿಯವರೆಗಿನದು ಹೈಯರ್ ಎಲಿಮೆಂಟರಿ ಶಾಲೆ. ಎಂಟನೆಯದರ ಕೊನೆಗೆ ಇ.ಎಸ್.ಎಲ್.ಸಿ. (ಎಲಿಮೆಂಟರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್) ಎಂಬ ಸಾರ್ವಜನಿಕ ಪರೀಕ್ಷೆಯಿತ್ತು. ಅಜ್ಜಂದಿರು 'ಎಂಟನೇ ಪಾಸಾಗಿದ್ದೇನೆ' ಎಂದು ಹೆಮ್ಮೆಯಿಂದ ಹೇಳುತ್ತಿದ್ದುದು ಈ ಪರೀಕ್ಷೆಯನ್ನು ನೆನೆದು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶವನ್ನು ನೋಡಿ ಸಹಾಯಧನ ಕೊಡುವ ಕ್ರಮವೂ ಇತ್ತು. ಇನ್‌ಸ್ಪೆಕ್ಟರು ಬರುವ ದಿನ ಶಾಲೆಗೆ ಹಬ್ಬವೂ ಹೌದು, ಭಯವೂ ಹೌದು. ಮುಂದೆ 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. 1953ರಲ್ಲಿ ರಾಜಾಜಿ ಸರಕಾರ ಹಳ್ಳಿಯ ಶಾಲೆಗಳಲ್ಲಿ ಪಾಠದ ಅವಧಿಯನ್ನು ತಗ್ಗಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂಬ ಯೋಜನೆಯನ್ನು ತಂದು, ತೀವ್ರ ವಿರೋಧ ಎದುರಾದ್ದರಿಂದ ಮರುವರ್ಷವೇ ಅದು ರದ್ದಾಯಿತು. ಆ ಎರಡು ವರ್ಷಗಳ ಹಾಜರಿ ಪುಸ್ತಕಗಳು ಎಲ್ಲಾದರೂ ಉಳಿದಿದ್ದರೆ ಅವುಗಳನ್ನು ಈ ಕಣ್ಣಿನಿಂದ ನೋಡಬೇಕು. 1956ರ ನಂತರ ಶಾಲೆಗಳು ಮೈಸೂರು ರಾಜ್ಯದ ಇಲಾಖೆಗೆ ಬಂದವು, ಕ್ರಮೇಣ ಏಳು ವರ್ಷಗಳ ಪ್ರಾಥಮಿಕ ಶಿಕ್ಷಣಕ್ಕೆ ಹೊಂದಿಕೊಂಡವು. ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಅಲ್ಲಿನ ಕನ್ನಡ ಮಾಧ್ಯಮದ ಇಗರ್ಜಿ ಶಾಲೆಗಳು ಬೇರೊಂದು ರಾಜ್ಯದ ಪಠ್ಯಕ್ರಮ ಮತ್ತು ನಿಯಮಗಳಡಿ ನಡೆಯುತ್ತಿವೆ, ಅಲ್ಲಿನ ಹಲವು ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇದ್ದರೂ.

ನಮ್ಮ ಶಾಲೆ ಆರಂಭವಾದದ್ದು ಯಾವ ಇಸವಿಯಲ್ಲಿ? ಒಂದೊಂದು ಕಡೆ ಒಂದೊಂದು ಬರೆದಿದೆಯಲ್ಲ?

ಬಹುಶಃ ಎಲ್ಲವೂ ಸರಿಯೇ ಇರುತ್ತವೆ. ಮೊದಲು ಯಾರೋ ಒಬ್ಬ ಮಾಸ್ಟ್ರು ಇಗರ್ಜಿಯ ಜಗಲಿಯಲ್ಲೋ ಹತ್ತಿರದ ಮನೆಯ ಚಾವಡಿಯಲ್ಲೋ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸಲು ತೊಡಗಿದ ವರ್ಷ ಒಂದು. ಇಲಾಖೆ ಶಾಲೆಗೆ ಮಾನ್ಯತೆ ಕೊಟ್ಟ ವರ್ಷ ಇನ್ನೊಂದು. ಸಹಾಯಧನ ಮಂಜೂರಾದದ್ದು ಅದಕ್ಕೂ ಆಮೇಲೆ. ಈಗಿನ ಕಟ್ಟಡದ ಆಶೀರ್ವಚನವಾಗಿ ಗೋಡೆಗೆ ಕಲ್ಲು ಕೂರಿಸಿದ ವರ್ಷ ನಾಲ್ಕನೆಯದು. ಹೈಯರ್ ಎಲಿಮೆಂಟರಿಯಾಗಿ ಬಡ್ತಿ ಪಡೆದ ವರ್ಷವನ್ನೇ ಸ್ಥಾಪನೆಯ ವರ್ಷವೆಂದು ಬರೆದುಕೊಂಡ ಶಾಲೆಗಳೂ ಇವೆ.

ಸರಕಾರ ಶಾಲೆಗಳ ಮಾಹಿತಿ ಸಂಗ್ರಹಿಸುವ ಯು-ಡೈಸ್ ನಮೂನೆಯಲ್ಲಿ ಸ್ಥಾಪನೆಯ ವರ್ಷಕ್ಕೆ ಇರುವುದು ಒಂದೇ ಮನೆ, ಆದ್ದರಿಂದ ಅಲ್ಲಿ ಯಾವುದೋ ಒಂದನ್ನು ತುಂಬಿಸಿರುತ್ತಾರೆ. ಶತಮಾನೋತ್ಸವಕ್ಕೆ ಯಾವುದನ್ನು ಹಿಡಿಯಬೇಕೆಂದು ಸಮಿತಿಗಳಲ್ಲಿ ವಾದವಾಗುವುದುಂಟು. ನನ್ನ ಅಭಿಪ್ರಾಯ ಸ್ಪಷ್ಟವಿದೆ: ಹಬ್ಬವನ್ನು ಯಾವ ವರ್ಷ ಬೇಕಾದರೂ ಮಾಡಿ, ಆದರೆ ಬರೆಯುವಾಗ ಎಲ್ಲ ಇಸವಿಗಳನ್ನೂ, ಯಾವುದು ಯಾವುದಕ್ಕೆ ಸಂಬಂಧಿಸಿದ್ದು ಎಂಬುದನ್ನೂ, ಎಲ್ಲಿಂದ ಸಿಕ್ಕಿತು ಎಂಬುದನ್ನೂ ಬರೆಯಿರಿ. ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಅಳಿಸಿದರೆ ಶಾಲೆ ಬೆಳೆದು ಬಂದ ದಾರಿಯೇ ಅಳಿಸಿಹೋಗುತ್ತದೆ.

ಮೊದಲ ಶಾಲಾ ಕಟ್ಟಡಗಳು ಹೇಗಿದ್ದವು?

ಮುಳಿಹುಲ್ಲು ಅಥವಾ ತೆಂಗಿನ ಮಡಲು ಹೊದಿಸಿದ ಮಾಡು, ಮಣ್ಣಿನ ಅರೆಗೋಡೆ, ಸೆಗಣಿ ಸಾರಿಸಿದ ನೆಲ. ಪ್ರತಿ ಬೇಸಿಗೆಯಲ್ಲಿ ಹೊದಿಕೆ ಹೊಸದಾಗಬೇಕಿತ್ತು, ಅದಕ್ಕೆ ಹುಲ್ಲನ್ನೂ ಮಡಲನ್ನೂ ಊರವರೇ ತರುತ್ತಿದ್ದರು. ಇಂತಹ ಕಟ್ಟಡಗಳಲ್ಲಿ ಇಂದು ಏನೂ ಉಳಿದಿಲ್ಲ, ಉಳಿಯುವಂಥವೂ ಆಗಿರಲಿಲ್ಲ. ಕೆಲವೆಡೆ ಹಳೆಯ ಅಡಿಪಾಯದ ಕಲ್ಲುಸಾಲು ಮೈದಾನದ ಅಂಚಿನಲ್ಲಿ ಕಾಣಸಿಗುತ್ತದೆ.

ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಉದ್ದದ ಜಗಲಿ: ಎಲ್ಲ ಹಳೆಯ ಶಾಲೆಗಳೂ ಒಂದೇ ತರಹ ಕಾಣುವುದೇಕೆ?

ಕೈಗೆಟುಕುವ ಸಾಮಗ್ರಿ, ಸುರಿಯುವ ಮಳೆ ಮತ್ತು ಇಲಾಖೆಯ ಅಳತೆ, ಈ ಮೂರೂ ಸೇರಿ ಆ ರೂಪವನ್ನು ಕೊಟ್ಟವು.

ಕರಾವಳಿಯ ನೆಲದಡಿಯಲ್ಲೇ ಮುರಕಲ್ಲು (ಜಂಬಿಟ್ಟಿಗೆ) ಸಿಗುತ್ತದೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲಿದು. ಆದ್ದರಿಂದಲೇ ಉಳಿ, ಕೊಡಲಿಯಂತಹ ಕೈಹತಾರಗಳಿಂದ ಅದನ್ನು ಇಟ್ಟಿಗೆಯಂತೆ ಕಡಿದು ತೆಗೆಯಲು ಸಾಧ್ಯವಾಯಿತು. ಎಷ್ಟೋ ಕಡೆ ಇಗರ್ಜಿಯ ಗುಡ್ಡದಲ್ಲೇ ಕಲ್ಲು ಕಡಿದು ಅಲ್ಲೇ ಶಾಲೆ ಕಟ್ಟಿದ್ದಾರೆ, ಕಲ್ಲು ತೆಗೆದ ಹೊಂಡ ಮುಂದೆ ನೀರಿನ ಕೆರೆಯಾಗಿಯೋ ಆಟದ ಬಯಲಾಗಿಯೋ ಮಾರ್ಪಟ್ಟಿದೆ. ಗಾರೆಗೆ ಬೇಕಾದ ಸುಣ್ಣ ನದಿ, ಸಮುದ್ರದ ಚಿಪ್ಪುಗಳನ್ನು ಸುಟ್ಟು ಮಾಡಿದ್ದು. ಹಳೆಯ ಗಾರೆ ಉದುರಿದ ಕಡೆ ಬಗ್ಗಿ ನೋಡಿದರೆ ಸರಿಯಾಗಿ ಬೇಯದ ಚಿಪ್ಪಿನ ಬಿಳಿ ಚೂರುಗಳು ಈಗಲೂ ಕಾಣುತ್ತವೆ.

ಮಂಗಳೂರಿನ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ತೆರೆಯುವುದೂ ಮಳೆಗಾಲದ ಜೊತೆಗೇ. ಹಾಗಾಗಿ ಮಾಡಿಗೆ ಕಡಿದಾದ ಇಳಿಜಾರು, ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿದ ಇಳಿಮಾಡು, ಅದರಡಿಯಲ್ಲಿ ಸಾಲುಗಂಬದ ಜಗಲಿ. ಕೊಡೆಗಳನ್ನು ಸಾಲಾಗಿ ಬಿಡಿಸಿಡಲು, ಮಳೆ ಜೋರಾದಾಗ ಪ್ರಾರ್ಥನೆಗೆ ನಿಲ್ಲಲು, ಬುತ್ತಿ ಉಣ್ಣಲು ಆ ಜಗಲಿಯೇ ಜಾಗ. ಕಿಟಕಿಗಳಿಗೆ ಗಾಜಿಲ್ಲದೆ ಮರದ ದಳಿಗಳಿರುತ್ತಿದ್ದವು, ಅಲ್ಲಲ್ಲಿ ಮಾಡಿನ ನಡುವೆ ಒಂದೊಂದು ಗಾಜಿನ ಹೆಂಚು ಕೂರಿಸಿ ಬೆಳಕು ಬರಿಸುತ್ತಿದ್ದರು. ಕೋಣೆಗಳ ನಡುವೆ ಗೋಡೆಯ ಬದಲು ಎತ್ತಿ ಸರಿಸಬಹುದಾದ ಮರದ ಪರದೆಗಳಿದ್ದುದರಿಂದ, ಮೂರನೆಯ ತರಗತಿಯ ಮಗ್ಗಿ ನಾಲ್ಕನೆಯದಕ್ಕೆ ಕೇಳುತ್ತಿತ್ತು. ಶಾಲಾ ವಾರ್ಷಿಕೋತ್ಸವದ ದಿನ ಪರದೆಗಳನ್ನು ತೆಗೆದರೆ ಇಡೀ ಕಟ್ಟಡ ಒಂದೇ ಸಭಾಂಗಣ.

ಹೆಂಚಿನದು ಈ ಊರಿನದೇ ಕಥೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಶುರುಮಾಡಿದ ಮೇಲೆ, 1868ರಲ್ಲಿ ಅಲ್ಬುಕರ್ಕ್ ಮನೆತನದವರ ಕಾರ್ಖಾನೆ ಬಂತು. ಆಮೇಲೆ ನೇತ್ರಾವತಿ ಮತ್ತು ಗುರುಪುರ ನದಿಗಳ ಜೇಡಿಮಣ್ಣನ್ನು ನಂಬಿ ಹತ್ತಾರು ಕಾರ್ಖಾನೆಗಳು ಎದ್ದವು. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹೆಂಚು ಬೇಕು, ಒಂದೊಂದು ಹೆಂಚು ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಒಂದು ಸಾಧಾರಣ ತರಗತಿ ಕೋಣೆಗೆ, ಇಳಿಮಾಡನ್ನೂ ಸೇರಿಸಿದರೆ, 700-800 ಹೆಂಚು. ಅಷ್ಟು ಭಾರವನ್ನು ಹೊರುವ ಪಕ್ಕಾಸು, ರೀಪುಗಳಿಗೆ ಮರವನ್ನು ಕೊಟ್ಟವರು ಯಾರೆಂದು ಕೇಳಿದರೆ ಎಷ್ಟೋ ಊರುಗಳಲ್ಲಿ ಮನೆತನಗಳ ಹೆಸರನ್ನು ಇಂದಿಗೂ ಹೇಳುತ್ತಾರೆ.

ಹೆಂಚಿನ ಮೇಲೆ ಅಚ್ಚಾಗಿರುವ ಇಸವಿಯೇ ಕಟ್ಟಡದ ಇಸವಿಯೇ?

ಅಲ್ಲ. ಸ್ಮರಣ ಸಂಚಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಹೆಂಚಿನ ಬೆನ್ನ ಮೇಲೆ 1865 ಎಂದೋ 1868 ಎಂದೋ ಇದ್ದರೆ ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ಅದೇ ಅಚ್ಚಿನಲ್ಲಿ ಮುಂದೆ ದಶಕಗಟ್ಟಲೆ ಹೆಂಚುಗಳು ಬಂದಿವೆ.

ಆದರೂ ಹೆಂಚಿನಿಂದ ಕಾಲವನ್ನು ಊಹಿಸಲು ಒಂದು ಉಪಾಯವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಆದ್ದರಿಂದ ಕಾಮನ್‌ವೆಲ್ತ್ ಹೆಸರಿರುವ ಹೆಂಚು ಆ ಯುದ್ಧದ ನಂತರದ್ದು. ಒಂದೇ ಮಾಡಿನಲ್ಲಿ ಮೂರು ನಾಲ್ಕು ಕಾರ್ಖಾನೆಗಳ ಹೆಂಚು ಇದ್ದರೆ ಆಶ್ಚರ್ಯವಿಲ್ಲ: ಪ್ರತಿ ಮೇ ತಿಂಗಳಲ್ಲಿ ಒಡೆದವನ್ನು ತೆಗೆದು ಸಿಕ್ಕಿದ್ದನ್ನು ಹಾಕುತ್ತಿದ್ದರು, ಹಳೆಯ ಇಗರ್ಜಿಯನ್ನು ಬಿಚ್ಚಿದಾಗ ಅಲ್ಲಿನ ಹೆಂಚು ಶಾಲೆಯ ಮಾಡಿಗೆ ಏರುತ್ತಿತ್ತು. ಒಂದೆರಡು ಹೆಂಚನ್ನು ನೋಡಿ ತೀರ್ಮಾನಿಸದೆ, ಕೈತಾಗದ ಎತ್ತರದಲ್ಲಿರುವ, ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯ ಹೆಂಚು ಯಾವುದೆಂದು ನೋಡಬೇಕು.

ಕಟ್ಟಡ ಒಂದೇ ಸಲಕ್ಕೆ ಕಟ್ಟಿದ್ದೋ, ಹಂತ ಹಂತವಾಗಿ ಬೆಳೆದದ್ದೋ ತಿಳಿಯುವುದು ಹೇಗೆ?

ಒಂದೇ ಸಲಕ್ಕೆ ಕಟ್ಟಿ ಮುಗಿಸಿದ ಹಳ್ಳಿಯ ಶಾಲೆ ಅಪರೂಪ. ಎರಡು ಕೋಣೆಯಿಂದ ಶುರುವಾಗಿ, ತರಗತಿ ಹೆಚ್ಚಿದಂತೆ ತುದಿಗೆ ಒಂದು ಕೋಣೆ ಸೇರಿಕೊಳ್ಳುತ್ತಾ ಹೋಗಿ, ಜಾಗ ಮುಗಿದಲ್ಲಿ ಅಡ್ಡಕ್ಕೆ ತಿರುಗಿ ಎಲ್ ಆಕಾರ ತಾಳುತ್ತದೆ. ಹೊರಗಿನಿಂದ ಗೋಡೆಯ ಉದ್ದಕ್ಕೂ ನಡೆದು ನೋಡಿ. ಕಲ್ಲಿನ ಸಾಲು ಒಂದರೊಳಗೊಂದು ಹೆಣೆದುಕೊಳ್ಳದೆ ನೆಟ್ಟಗೆ ಮೇಲಿನಿಂದ ಕೆಳಕ್ಕೆ ಸೀಳು ಬಿಟ್ಟಿದ್ದರೆ ಅಲ್ಲಿ ಹಳೆಯ ಗೋಡೆ ಮುಗಿದು ಹೊಸದು ಶುರುವಾಗಿದೆ. ಜಗಲಿಯ ಕಂಬಗಳ ನಡುವಿನ ಅಂತರ ಬದಲಾಗುವ ಜಾಗ, ಪಕ್ಕಾಸಿನ ಗಾತ್ರ ಬದಲಾಗುವ ಜಾಗ, ನೆಲ ಒಂದು ಬೆರಳು ಏರುವ ಜಾಗ, ಎಲ್ಲವೂ ಇದೇ ಮಾತನ್ನು ಹೇಳುತ್ತವೆ. ಕೈಯಲ್ಲಿ ಕಡಿದ ಕಲ್ಲಿನ ಮೈಮೇಲೆ ಉಳಿಯ ಓರೆ ಗೆರೆಗಳಿರುತ್ತವೆ, ಯಂತ್ರದಲ್ಲಿ ಕೊಯ್ದ ಕಲ್ಲು ಒಂದೇ ಅಳತೆಯದು, ಮೈ ನುಣುಪು, ಗರಗಸದ ಬಳಸುಗೆರೆಗಳು ಕಾಣುತ್ತವೆ. ಮೊದಲನೆಯದಿದ್ದರೆ ಗೋಡೆ ಹಳೆಯದು.

ಆಮೇಲಿನ ಹಂತಗಳನ್ನು ಗುರುತಿಸುವುದು ಸುಲಭ: ನಾಟಕಕ್ಕೆಂದು ಕಟ್ಟಿದ ಶಾಶ್ವತ ವೇದಿಕೆ, ಕಾಂಕ್ರೀಟಿನ ತಾರಸಿಯ ಹೆಚ್ಚುವರಿ ಕೋಣೆ, ಶೌಚಾಲಯ, ಅಕ್ಷರ ದಾಸೋಹದ ಅಡುಗೆಮನೆ.

ಇದಕ್ಕೆಲ್ಲ ಹಣ ಎಲ್ಲಿಂದ ಬಂತು?

ಸರಕಾರದ ಅನುದಾನವೆಂದರೆ ಮುಖ್ಯವಾಗಿ ಶಿಕ್ಷಕರ ಸಂಬಳ. ಕಟ್ಟಡದ ಹೊರೆ ಬಿದ್ದದ್ದು ಊರವರ ಹೆಗಲಿಗೆ. ಜಾಗವನ್ನು ಕೆಲವೆಡೆ ಕಥೋಲಿಕ ಮನೆತನಗಳು ದಾನ ಕೊಟ್ಟಿವೆ, ಕೆಲವೆಡೆ ಮೂಲಗೇಣಿಗೆ (ಶಾಶ್ವತ ಗೇಣಿಗೆ) ಪಡೆದದ್ದು. ಜೈನ, ಬಂಟ, ಬ್ರಾಹ್ಮಣ ಭೂಮಾಲೀಕರಿಂದ ಜಾಗ ದೊರೆತ ಊರುಗಳ ನೆನಪು ಹಿರಿಯರ ಬಾಯಲ್ಲಿದೆ. ಅಂಥ ಸಂಗತಿಯನ್ನು ಕಾಗದಪತ್ರದ ಆಧಾರದೊಂದಿಗೆ ಬರೆದಿಡುವುದು ಊರಿನ ಸೌಹಾರ್ದಕ್ಕೆ ಮಾಡುವ ದೊಡ್ಡ ಉಪಕಾರ. ಬೆಳೆ ಕೊಯ್ದ ಮೇಲೆ ಮನೆಗೆ ಇಷ್ಟು ಅಕ್ಕಿ, ತೆಂಗಿನಕಾಯಿ ಎಂದು ಸಂಗ್ರಹಿಸಿದ್ದು, ಇಗರ್ಜಿಯ ಹಬ್ಬದಂದು ಮೊದಲ ಫಲಗಳನ್ನು ಏಲಂ ಹಾಕಿದ್ದು, ಭಾನುವಾರ ಪೂಜೆ ಮುಗಿದ ಮೇಲೆ ಗಂಡಸರು, ಹೆಂಗಸರು, ಮಕ್ಕಳು ಸಾಲು ನಿಂತು ಕಲ್ಲು, ಮರಳು ಸಾಗಿಸಿದ್ದು, ಎಲ್ಲವೂ ಈ ಗೋಡೆಗಳಲ್ಲಿವೆ.

1974ರ ಭೂಸುಧಾರಣೆಯಲ್ಲಿ ಒಕ್ಕಲುಗಳ ಕೈಯಲ್ಲಿದ್ದ ಇಗರ್ಜಿಯ ಜಮೀನುಗಳು ಅವರಿಗೇ ಹೋದವು. ಅದು ನ್ಯಾಯವೇ ಆಗಿತ್ತು, ಒಕ್ಕಲುಗಳಲ್ಲಿ ಇಗರ್ಜಿಯ ಜನರೂ ಇದ್ದರು. ಆದರೆ ಗೇಣಿಯ ವರಮಾನವನ್ನು ನಂಬಿಕೊಂಡಿದ್ದ ಶಾಲೆಗಳಿಗೆ ದುರಸ್ತಿಯ ಹಣದ ಮೂಲ ಬತ್ತಿತು. ಆ ಜಾಗಕ್ಕೆ ಬಂದದ್ದು ಮುಂಬಯಿಯಲ್ಲಿ, ಮುಂದೆ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ಹಳೆಯ ವಿದ್ಯಾರ್ಥಿಗಳ ಹಣ. ಕಾಂಕ್ರೀಟಿನ ಕೋಣೆಗಳ ಬಾಗಿಲ ಮೇಲಿನ ಕಲ್ಲುಗಳಲ್ಲಿ ತಂದೆತಾಯಿಯರ ಸ್ಮರಣಾರ್ಥ ಎಂದು ಬರೆದಿರುವ ಹೆಸರುಗಳಲ್ಲಿ ಅನೇಕವು ಹೀಗೆ ಬಂದವು.

ಈ ಶಾಲೆಗಳಲ್ಲಿ ಕಲಿಸಿದವರು ಯಾರು?

ಮೊದಲಿಗೆ ಊರಿನ ಮಾಸ್ಟ್ರುಗಳು. ಇಗರ್ಜಿಯಲ್ಲಿ ಹಾಡು ಹಾಡಿಸುವುದು, ಪಿಟೀಲು ನುಡಿಸುವುದು, ದೊತೊರ್ನ್ ಕಲಿಸುವುದು, ಊರವರ ಅರ್ಜಿ ಬರೆದುಕೊಡುವುದು ಎಲ್ಲವೂ ಅವರ ಪಾಲಿಗೆ ಬರುತ್ತಿತ್ತು. ಆಮೇಲೆ ಧರ್ಮಭಗಿನಿಯರು ಬಂದರು. 1887ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆ ಮತ್ತು 1921ರಲ್ಲಿ ಮೊನ್ಸಿಂಞೊರ್ ಆರ್.ಎಫ್.ಸಿ. ಮಸ್ಕರೇನ್ಹಸ್ ಅವರು ಬೆಂದೂರಿನಲ್ಲಿ ಸ್ಥಾಪಿಸಿದ ಬೆಥನಿ ಸಂಸ್ಥೆಯ ಸಿಸ್ಟರುಗಳು ಬಸ್ಸು ಹೋಗದ ಹಳ್ಳಿಗಳಿಗೂ ಹೋಗಿ ನೆಲೆಸಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದ ಮನೆಗಳು ಸಿಸ್ಟರುಗಳಿದ್ದಾರೆ ಎಂಬ ಒಂದೇ ಧೈರ್ಯದಿಂದ ಕಳಿಸಿದವು. ನನ್ನ ಮಟ್ಟಿಗೆ ಈ ಶಾಲೆಗಳು ಮಾಡಿದ ಅತಿ ದೊಡ್ಡ ಕೆಲಸ ಅದೇ.

ಕೊಂಕಣಿ ಮಾತಾಡುವ ಕಥೋಲಿಕರು ಕನ್ನಡ ಶಾಲೆಯನ್ನೇ ಕಟ್ಟಿದ್ದೇಕೆ?

ಊರಿನಲ್ಲಿ ಓದುಬರಹದ ಭಾಷೆ ಕನ್ನಡವಾಗಿತ್ತು, ಕಚೇರಿ, ಪತ್ರಿಕೆ, ಪಾಠಪುಸ್ತಕ ಎಲ್ಲವೂ ಕನ್ನಡದಲ್ಲಿದ್ದವು. ಶಾಲೆಗೆ ಬರುತ್ತಿದ್ದವರು ಕೊಂಕಣಿ ಮಕ್ಕಳಷ್ಟೇ ಅಲ್ಲ, ತುಳು, ಬ್ಯಾರಿ, ಮಲಯಾಳ, ಮರಾಠಿ ಮಾತಾಡುವ ಮನೆಗಳ ಮಕ್ಕಳೂ ಇದ್ದರು. ಅವರೆಲ್ಲರಿಗೂ ಸಮಾನವಾಗಿದ್ದದ್ದು ಶಾಲೆಯ ಕನ್ನಡ.

ಇದರಿಂದ ಕೊಂಕಣಿಗೆ ಸಿಕ್ಕಿದ ಲಾಭವನ್ನು ಎಲ್ಲರೂ ಗಮನಿಸುವುದಿಲ್ಲ. ಮಂಗಳೂರಿನ ಕಥೋಲಿಕರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆಯನ್ನು, ಇಗರ್ಜಿಯ ಜಪ ಮತ್ತು ಹಾಡುಗಳ ಪುಸ್ತಕಗಳನ್ನು ಹಳ್ಳಿಯ ಮನೆಗಳಲ್ಲಿ ಓದಲು ಸಾಧ್ಯವಾದದ್ದು ಇಗರ್ಜಿ ಶಾಲೆಯಲ್ಲಿ ಕಲಿತ ಕನ್ನಡದ ಅಕ್ಷರಗಳಿಂದ. ಕನ್ನಡ ಶಾಲೆ ಬಡವಾದರೆ ಕೊಂಕಣಿಯ ಓದುಗರೂ ಕಡಿಮೆಯಾಗುತ್ತಾರೆ ಎಂಬುದನ್ನು ಇಂದಿನ ಓದುಗರ ವಯಸ್ಸನ್ನು ನೋಡಿದರೆ ತಿಳಿಯುತ್ತದೆ.

ಬೇರೆ ಧರ್ಮದ ಮಕ್ಕಳು ದೊತೊರ್ನ್ ತರಗತಿಗೆ ಕೂರಬೇಕಿತ್ತೇ?

ಇಲ್ಲ. ಕಥೋಲಿಕ ಮಕ್ಕಳಿಗೆ ದೊತೊರ್ನ್ ನಡೆಯುವಾಗ ಉಳಿದವರಿಗೆ ನೀತಿಪಾಠ ಇರುತ್ತಿತ್ತು. ಸಂವಿಧಾನದ 28ನೆಯ ವಿಧಿಯ 3ನೆಯ ಉಪವಿಧಿಯ ಪ್ರಕಾರ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. 29ನೆಯ ವಿಧಿಯ ಪ್ರಕಾರ, ಅನುದಾನಿತ ಶಾಲೆ ಧರ್ಮ, ಜಾತಿ, ಭಾಷೆಯ ಕಾರಣಕ್ಕಷ್ಟೇ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ನಡೆಸುವ ಹಕ್ಕು ಅಲ್ಪಸಂಖ್ಯಾತರಿಗೆ 30ನೆಯ ವಿಧಿಯಿಂದ ಬಂದದ್ದು.

ಈಗ ಮಕ್ಕಳ ಸಂಖ್ಯೆ ಇಷ್ಟು ಇಳಿದಿರುವುದೇಕೆ?

ಇಂಗ್ಲಿಷ್ ಮಾಧ್ಯಮವೊಂದನ್ನೇ ದೂರುವುದು ರೂಢಿ. ಅದು ದೊಡ್ಡ ಕಾರಣ, ನಿಜ. ರಾಜ್ಯ ಸರಕಾರ 1994ರ ಭಾಷಾನೀತಿಯಲ್ಲಿ ಪ್ರಾಥಮಿಕ ಹಂತಕ್ಕೆ ಮಾತೃಭಾಷೆ ಅಥವಾ ಕನ್ನಡವನ್ನು ಕಡ್ಡಾಯಗೊಳಿಸಲು ಹೊರಟಿತು. ದೀರ್ಘ ವ್ಯಾಜ್ಯದ ಬಳಿಕ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ಪೋಷಕರಿಗಿದೆ, ಸರಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಹಳದಿ ಬಣ್ಣದ ಶಾಲಾ ವಾಹನಗಳು ಇಗರ್ಜಿಯ ಅಂಗಳದಿಂದಲೇ ಮಕ್ಕಳನ್ನು ಹತ್ತಿಸಿಕೊಂಡು ಪೇಟೆಗೆ ಒಯ್ಯುವುದು ಮಾಮೂಲಾಗಿತ್ತು.

ಆದರೆ ಬೇರೆ ಕಾರಣಗಳನ್ನೂ ಎಣಿಸಬೇಕು. ಏಳೆಂಟು ಮಕ್ಕಳಿದ್ದ ಮನೆಗಳಲ್ಲಿ ಈಗ ಒಂದೋ ಎರಡೋ. ಕುಟುಂಬಗಳು ಪೇಟೆಗೆ, ಪರದೇಶಕ್ಕೆ ಹೋಗಿವೆ. ಅನುದಾನಿತ ಶಾಲೆಯಲ್ಲಿ ಶಿಕ್ಷಕರು ನಿವೃತ್ತರಾದರೆ ಆ ಹುದ್ದೆಯನ್ನು ತುಂಬಲು ಇಲಾಖೆಯ ಅನುಮತಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಅಲ್ಲಿಯವರೆಗೆ ಇಗರ್ಜಿಯೋ ಹಳೆಯ ವಿದ್ಯಾರ್ಥಿ ಸಂಘವೋ ಗೌರವ ಶಿಕ್ಷಕಿಯರಿಗೆ ಅಲ್ಪ ಸಂಬಳ ಕೊಟ್ಟು ನಡೆಸಬೇಕು. ಒಬ್ಬರೇ ಟೀಚರು ಮೂರು ತರಗತಿ ನೋಡಿಕೊಳ್ಳುವ ಶಾಲೆಗೆ ಮಗುವನ್ನು ಸೇರಿಸಿ ಎಂದು ತಾಯಂದಿರಿಗೆ ಹೇಳುವುದು ಕಷ್ಟ. ಭಾಷಾಭಿಮಾನದ ಭಾಷಣಕ್ಕಿಂತ ಇನ್ನೊಬ್ಬ ಕಾಯಂ ಶಿಕ್ಷಕರು ಈ ಶಾಲೆಗಳನ್ನು ಹೆಚ್ಚು ಉಳಿಸಬಲ್ಲರು.

ಹಳೆಯ ಹೆಂಚಿನ ಕಟ್ಟಡವನ್ನು ಉಳಿಸಿಕೊಳ್ಳುವುದು ಸುರಕ್ಷಿತವೇ?

ಮಕ್ಕಳ ಜೀವಕ್ಕಿಂತ ಯಾವ ಪರಂಪರೆಯೂ ದೊಡ್ಡದಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಯ ಬೆಂಕಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸತ್ತರು. ಆ ದುರಂತದ ನಂತರ 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳಿಗೆ ಅಗ್ನಿಸುರಕ್ಷತೆ ಮತ್ತು ಕಟ್ಟಡದ ಭದ್ರತೆಯ ಕುರಿತು ನಿರ್ದೇಶನ ನೀಡಿತು. ಆದ್ದರಿಂದ ಅಡುಗೆಮನೆ ಪ್ರತ್ಯೇಕವಾಗಿರಬೇಕು, ಎಂಜಿನಿಯರ್ ತಪಾಸಣೆ ಕಾಲಕಾಲಕ್ಕೆ ಆಗಬೇಕು.

ಹಾಗೆಂದು ಹಳೆಯದೆಲ್ಲ ಅಪಾಯಕಾರಿ ಎಂದುಕೊಳ್ಳುವುದು ಸರಿಯಲ್ಲ. ಮುರಕಲ್ಲಿನ ಗೋಡೆ ಹಾಳಾಗುವುದು ಬಹುತೇಕ ನೀರಿನಿಂದ: ಸೋರುವ ಹೆಂಚು, ಗೋಡೆಗೆ ತಾಗಿ ನಿಂತ ಮಳೆನೀರು, ಗೆದ್ದಲು ಹಿಡಿದ ಪಕ್ಕಾಸು. ಗೋಡೆಯ ತೇವ ಆರದಂತೆ ಮಾಡುವ ಸಿಮೆಂಟಿನ ಗಿಲಾವನ್ನು ಹಳೆಯ ಸುಣ್ಣದ ಗೋಡೆಗೆ ಬಳಿದರೆ ಒಳಗಿನ ಕಲ್ಲು ಮೆತ್ತಗಾಗಿ ಉದುರತೊಡಗುತ್ತದೆ. ಚಂದ ಕಾಣಲೆಂದು ಮಾಡಿದ ಇಂಥ ದುರಸ್ತಿಯಿಂದಲೇ ಕೆಟ್ಟ ಕಟ್ಟಡಗಳಿವೆ. ಪಕ್ಕಾಸನ್ನು ಬದಲಿಸಿ, ಹೆಂಚನ್ನು ಸರಿಪಡಿಸಿ, ಸುತ್ತ ಚರಂಡಿ ತೋಡಿಸಿದರೆ ಇನ್ನೂ ಒಂದು ತಲೆಮಾರು ನಿಲ್ಲಬಲ್ಲ ಶಾಲೆಯನ್ನು, ನಿಧಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಕೆಡವುವುದು ದುಡುಕು. ಕೆಡವಲೇಬೇಕಾಗಿ ಬಂದರೆ ಅದಕ್ಕೆ ಮೊದಲು ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ ಅಳೆದು ನಕ್ಷೆ ಬರೆದು, ಒಳಹೊರಗಿನ ಚಿತ್ರಗಳನ್ನು ತೆಗೆದು, ಶಿಲಾಫಲಕಗಳನ್ನು ಜೋಪಾನವಾಗಿ ಬಿಡಿಸಿ ಹೊಸ ಗೋಡೆಗೆ ಕೂರಿಸಬೇಕು. ಹೆಚ್ಚಿನ ಇಗರ್ಜಿ ಶಾಲೆಗಳಿಗೆ ಪರಂಪರೆಯ ಕಟ್ಟಡವೆಂಬ ಕಾನೂನಿನ ರಕ್ಷಣೆಯಿಲ್ಲ, ಊರವರ ಕಾಳಜಿಯೊಂದೇ ಅವುಗಳಿಗಿರುವ ರಕ್ಷಣೆ.

ಶಾಲೆಯ ಚರಿತ್ರೆಗೆ ದಾಖಲೆಗಳನ್ನು ಎಲ್ಲಿ ಹುಡುಕಬೇಕು?

ಮೊದಲಿಗೆ ಶಾಲೆಯ ದಾಖಲಾತಿ ಪುಸ್ತಕ. ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ಜಾತಿ, ಹುಟ್ಟಿದ ದಿನ, ಶಾಲೆ ಬಿಟ್ಟ ದಿನ ಮತ್ತು ಕಾರಣ ಎಲ್ಲವೂ ಅದರಲ್ಲಿ ಸಾಲಾಗಿ ಸಿಗುತ್ತವೆ. ಮದ್ರಾಸ್ ಕಾಲದ ನಮೂನೆಗಳಲ್ಲಿ ಸಿಡುಬಿನ ಲಸಿಕೆ ಆಗಿದೆಯೇ ಎಂಬುದನ್ನೂ ಬರೆಯುತ್ತಿದ್ದರು. ಒಂದು ದಶಕದ ಪುಟಗಳನ್ನು ತಿರುವಿ ತಂದೆಯ ಕಸುಬಿನ ಅಂಕಣವನ್ನಷ್ಟೇ ಓದಿದರೆ ಒಕ್ಕಲು, ಕೂಲಿ, ಹೆಂಚಿನ ಕಾರ್ಖಾನೆ, ಬೀಡಿ, ಮುಂಬಯಿ ಎಂದು ಊರಿನ ಬದುಕೇ ಮಗ್ಗುಲು ಬದಲಿಸಿದ್ದು ಕಾಣುತ್ತದೆ. ಶಾಲೆ ಬಿಟ್ಟ ಕಾರಣದ ಅಂಕಣ ಇನ್ನೂ ಮುಖ್ಯವಾದದ್ದು, ಹೆಣ್ಣುಮಕ್ಕಳ ಹೆಸರಿನ ಮುಂದೆ ಅಲ್ಲಿ ಏನು ಬರೆದಿದೆ ಎಂದು ತಪ್ಪದೆ ನೋಡಿ.

ಇಗರ್ಜಿಯ ಕಪಾಟಿನಲ್ಲಿ ಲೆಕ್ಕದ ಪುಸ್ತಕಗಳು, ಸಭೆಯ ನಡಾವಳಿಗಳು, ಬಿಷಪರ ಭೇಟಿಯ ಟಿಪ್ಪಣಿಗಳು ಇರುತ್ತವೆ. ಗೋವೆಯ ಅಧೀನದಲ್ಲಿದ್ದ ಕಾಲದ ಪುಸ್ತಕಗಳು ಪೋರ್ಚುಗೀಸ್, ಲ್ಯಾಟಿನ್ ಭಾಷೆಗಳಲ್ಲಿರಬಹುದು, ಅವುಗಳನ್ನು ಓದಬಲ್ಲ ಹಿರಿಯ ಗುರುಗಳು ಈಗ ವಿರಳ. ಜಾಗದ ವಿವರಕ್ಕೆ ಹಳೆಯ ಅಡಂಗಲ್ (ಜಮೀನಿನ ದಾಖಲೆ), ಮೂಲಗೇಣಿ ಚೀಟುಗಳು ಮತ್ತು ಈಗಿನ ಪಹಣಿಯನ್ನು ಒಟ್ಟಿಗೆ ಇಟ್ಟು ನೋಡಬೇಕು. ಶಾಲೆ ಈಗಾಗಲೇ ಮುಚ್ಚಿದ್ದರೆ ಅದರ ರಿಜಿಸ್ಟರುಗಳನ್ನು ಇಲಾಖೆ ಸೂಚಿಸಿದ ಹತ್ತಿರದ ಶಾಲೆಗೋ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೋ ಒಪ್ಪಿಸಿರುತ್ತಾರೆ. ಮುಚ್ಚುವ ಮೊದಲೇ ಪುಟಪುಟದ ಚಿತ್ರ ತೆಗೆದು ಇಗರ್ಜಿಯಲ್ಲಿ ಒಂದು ಪ್ರತಿ ಇಟ್ಟುಕೊಂಡರೆ ಕ್ಷೇಮ. ಅದರಲ್ಲಿ ಜೀವಂತವಿರುವವರ ವಿವರಗಳಿರುವುದರಿಂದ ಎಲ್ಲರಿಗೂ ತೆರೆದಿಡಬಾರದು.

ಸ್ಮರಣ ಸಂಚಿಕೆಯಲ್ಲಿ ಏನೇನಿರಬೇಕು?

ಸಂದೇಶಗಳಿಗೆ ನಾಲ್ಕು ಪುಟ ಸಾಕು. ಶುರುವಿನಿಂದ ಇಂದಿನವರೆಗೆ ಕಲಿಸಿದ ಎಲ್ಲ ಶಿಕ್ಷಕರ ಹೆಸರು ಮತ್ತು ಅವಧಿ, ಅಡುಗೆ ಮಾಡಿದವರ, ಕಸ ಗುಡಿಸಿದವರ, ನೀರು ಹೊತ್ತವರ ಹೆಸರುಗಳೊಂದಿಗೆ, ಮೊದಲು ಬರಬೇಕು. ಕಟ್ಟಡದ ನಕ್ಷೆಯನ್ನು ಬರೆಸಿ, ಯಾವ ಕೋಣೆ ಯಾವ ಕಾಲದ್ದು ಎಂದು ಅದರಲ್ಲೇ ಗುರುತಿಸಬೇಕು. ಎಂಬತ್ತು ದಾಟಿದ ಹಳೆಯ ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿಕೊಂಡು, ಅವರಾಡಿದ ಕೊಂಕಣಿ, ತುಳು, ಕನ್ನಡದಲ್ಲೇ ಬರೆಯಬೇಕು. ಹಳೆಯ ಚಿತ್ರಗಳಲ್ಲಿ ಕುಳಿತವರ ಹೆಸರನ್ನು ಬಲ್ಲವರು ಇರುವಾಗಲೇ ಅವುಗಳ ಕೆಳಗೆ ಬರೆಸಿಕೊಳ್ಳಬೇಕು, ಈ ಕೆಲಸಕ್ಕೆ ಹಬ್ಬದ ಹಿಂದಿನ ತಿಂಗಳು ಸಾಲದು, ಎರಡು ವರ್ಷ ಮೊದಲೇ ತೊಡಗಬೇಕು.